ಕಾಳಿಯ ಬಾಲ ಡೊಂಕಾದ ಕಥೆ

“ನಾಯಿ ಬಾಲ ಡೊಂಕು” ಎಂಬ ಗಾದೆ ಕೇಳದ ಕನ್ನಡಿಗರಿಲ್ಲ. ದಬ್ಬೆ ಕಟ್ಟಿ ನೆಟ್ಟಗೆ ಮಾಡಿದರೂ ಬಿಚ್ಚಿದೊಡನೆ ಬಾಲ ಮತ್ತೆ ಸುರುಳಿಯಾಗುತ್ತದಂತೆ. ತಿದ್ದಲಾಗದ ಸ್ವಭಾವಕ್ಕೆ ನಾವು ಕೊಡುವ ಉದಾಹರಣೆ ಇದು. ಆದರೆ ನಾಯಿಯ ಡೊಂಕು ಬಾಲ ಎಷ್ಟು ಒಳ್ಳೆಯ ಲಕ್ಷಣ ಎಂಬುದು ಹೆದರಿದ ನಾಯಿಯೊಂದನ್ನು ಸಾಕಿದವರಿಗೆ ಮಾತ್ರ ಗೊತ್ತು. ಹೆದರಿದ ನಾಯಿಯ ಬಾಲ ಮೇಲೆ ಸುತ್ತಿಕೊಂಡಿರುವುದಿಲ್ಲ, ಹಿಂಗಾಲುಗಳ ನಡುವೆ ಹೊಟ್ಟೆಗೆ ಅಂಟಿಕೊಂಡಿರುತ್ತದೆ. ನಮ್ಮ ಮನೆಯ ಕಾಳಿಯ ಬಾಲ ಮೇಲೆದ್ದು ಡೊಂಕಾಗಲು ಸುಮಾರು ಎರಡು ವರ್ಷ ಹಿಡಿಯಿತು.

ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳಿಗೆಲ್ಲ ಕಾಳಿ ಪರಿಚಿತಳು. “ಟೀಚರ್, ಕಾಳಿಗೆ ಕನ್ನಡ ಬರುತ್ತಾ?” ಎಂದು ಹೊಸದಾಗಿ ಸೇರಿದ ಮಕ್ಕಳು ಕೇಳುತ್ತಾರೆ. “ಬಾ, ಕೂತ್ಕೋ, ಬೇಡ, ಊಟ” ಎಂಬ ನಾಲ್ಕು ಮಾತು ಚೆನ್ನಾಗಿ ಬರುತ್ತದೆ ಎಂದು ಹೇಳುತ್ತೇನೆ. ಈಚೆಗೆ ಪೋಷಕರೂ ಕೇಳತೊಡಗಿದ್ದಾರೆ. ಮಕ್ಕಳು ನಾಯಿಮರಿ ಬೇಕೆಂದು ಹಟ ಹಿಡಿದಿರುವ ಮನೆಗಳು ನಮ್ಮಲ್ಲಿ ಹಲವು. ತರಬೇಕೇ ಬೇಡವೇ, ತಂದರೆ ಬೆಳೆಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಅದಕ್ಕಾಗಿಯೇ ಈ ವರ್ಷದ ಸಂಚಿಕೆಗೆ ಹಬ್ಬದ ಬಗ್ಗೆಯೋ ಕವಿಯ ಬಗ್ಗೆಯೋ ಬರೆಯದೆ, ಒಂದು ಅಂಜುಬುರುಕ ನಾಯಿಯ ಬಗ್ಗೆ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಕ್ರಿ.ಶ. 949–50ರ ಕಾಲದ ಒಂದು ಕನ್ನಡ ಶಾಸನ ಅಲ್ಲಿ ಸಿಕ್ಕಿತು. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗರ ಬೂತುಗ ಇವರ ಕಾಲದ ಮಣಲೆರ ಎಂಬ ವೀರನು ತಕ್ಕೋಲದ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಬಹುಮಾನವಾಗಿ ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಂದರ ಜೊತೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ವೀರಗಲ್ಲು ನೆಟ್ಟು ಭೂಮಿಯನ್ನೂ ದತ್ತಿ ಬಿಟ್ಟರು. ಆ ಕಲ್ಲನ್ನು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ನಾಯಿಗೂ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು ಎಂದು ಬಿ.ಎ. ಓದುವಾಗ ಕೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿತ್ತು.

2018ರ ಜನವರಿಯಲ್ಲಿ ಹ್ಯೂಸ್ಟನ್ ನಗರದ ಪ್ರಾಣಿ ಆಶ್ರಯ ಕೇಂದ್ರವೊಂದರಿಂದ ನಾವು ಒಂದು ಕಪ್ಪು ನಾಯಿಯನ್ನು ತಂದೆವು. ಸುಮಾರು ಎಂಟು ತಿಂಗಳ ಹೆಣ್ಣು, ಎದೆಯ ಮೇಲೆ ಬಿಳಿ ಮಚ್ಚೆ, ಜಾತಿ ಇಂಥದ್ದೇ ಎಂದು ಹೇಳಲಾಗದು. ಬಣ್ಣ ನೋಡಿ ನಾನೇ ಕಾಳಿ ಎಂದು ಹೆಸರಿಟ್ಟೆ. ಹೆಸರಿಗೂ ಗುಣಕ್ಕೂ ಸಂಬಂಧವೇ ಇರಲಿಲ್ಲ. ಆತಕೂರಿನ ಕಾಳಿ ಹಂದಿಗೆ ಹೆದರಲಿಲ್ಲ. ನಮ್ಮ ಕಾಳಿ ಕುಕ್ಕರಿನ ಸೀಟಿಗೆ ಹೆದರಿ ಬಟ್ಟೆ ಒಗೆಯುವ ಯಂತ್ರದ ಹಿಂದೆ ಸೇರಿಕೊಂಡಳು. ಕೊಡೆ, ಪೊರಕೆ, ಟೋಪಿ ಹಾಕಿದ ಗಂಡಸರು, ಸ್ಕೇಟಿಂಗ್ ಹಲಗೆ, ಕಸದ ಲಾರಿ, ಓಡುವ ಮಕ್ಕಳು ಎಲ್ಲವೂ ಅವಳಿಗೆ ಭಯವೇ. ಮೊದಲ ಹನ್ನೊಂದು ದಿನ ಅವಳು ನಾವು ನೋಡುತ್ತಿರುವಾಗ ಊಟ ಮಾಡಲಿಲ್ಲ. ದೀಪ ಆರಿಸಿದ ಮೇಲೆ ಕತ್ತಲಲ್ಲಿ ತಟ್ಟೆ ನೆಕ್ಕುವ ಸದ್ದು ಕೇಳುತ್ತಿತ್ತು.

ಅವಳನ್ನು ಪರೀಕ್ಷಿಸಿದ ಪಶುವೈದ್ಯೆ ನಮಗೆ ಒಂದು ವಿಷಯ ವಿವರಿಸಿದರು. ನಾಯಿಮರಿಗೆ ಮೂರನೇ ವಾರದಿಂದ ಸುಮಾರು ಹನ್ನೆರಡು–ಹದಿನಾಲ್ಕನೇ ವಾರದವರೆಗಿನ ಕಾಲ ಬಹಳ ಮುಖ್ಯ. ಆಗ ಕಂಡ ಜನ, ಕೇಳಿದ ಸದ್ದು, ತುಳಿದ ನೆಲ ಇವೆಲ್ಲ “ಇದು ನನ್ನ ಲೋಕ” ಎಂದು ಅದರ ಮನಸ್ಸಿನಲ್ಲಿ ಕೂರುತ್ತವೆ. ಆ ಕಾಲ ಕಳೆದ ಮೇಲೆ ಹೊಸದೆಲ್ಲ ಅನುಮಾನಕ್ಕೆ ಕಾರಣವಾಗುತ್ತದೆ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್ ಎಂಬಲ್ಲಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಈ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ನಡೆಯಿತು. 1961ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮರಿಗಳನ್ನು ಮನುಷ್ಯರ ಸಂಪರ್ಕವಿಲ್ಲದೆ ಬೇಲಿಯೊಳಗಿನ ಬಯಲಿನಲ್ಲಿ ಬೆಳೆಸಿದರು. ಬೇರೆ ಬೇರೆ ವಯಸ್ಸಿನಲ್ಲಿ ಕೆಲವು ಮರಿಗಳನ್ನು ಒಂದೊಂದು ವಾರ ಒಳಗೆ ತಂದು ಮನುಷ್ಯರೊಂದಿಗೆ ಆಡಿಸಿದರು. ಹದಿನಾಲ್ಕು ವಾರದವರೆಗೆ ಮನುಷ್ಯರ ಒಡನಾಟವೇ ಇಲ್ಲದ ಮರಿಗಳು ಆಮೇಲೆ ಪ್ರೀತಿ ತೋರಿದರೂ ಹತ್ತಿರ ಬರಲಿಲ್ಲ. ನಮ್ಮ ಕಾಳಿಯ ಮೊದಲ ಹದಿನಾಲ್ಕು ವಾರ ಎಲ್ಲಿ ಕಳೆದವೋ ದೇವರೇ ಬಲ್ಲ.

“ಹಾಗಾದರೆ ಇವಳು ಹೀಗೇ ಇರುತ್ತಾಳೆಯೇ?” ಎಂದು ಕೇಳಿದೆ. “ಹೀಗೇ ಇರಬೇಕಿಲ್ಲ. ಮರಿ ಹದಿನೈದು ದಿನದಲ್ಲಿ ಕಲಿಯುವುದನ್ನು ಇವಳು ಹದಿನೈದು ತಿಂಗಳಲ್ಲಿ ಕಲಿಯಬಹುದು. ನಿಮಗೆ ತಾಳ್ಮೆ ಇದೆಯೇ?” ಎಂದು ಅವರು ಮರುಪ್ರಶ್ನೆ ಹಾಕಿದರು. ಹೋಟೆಲಿನ ಬಿಲ್ಲಿನಷ್ಟು ಚಿಕ್ಕ ಚೀಟಿಯಲ್ಲಿ ಔಷಧದ ಬದಲು ಮೂರು ಸಾಲು ಬರೆದುಕೊಟ್ಟರು. ಹೆದರಿಕೆ ಹುಟ್ಟದಷ್ಟು ದೂರದಿಂದ ಆರಂಭಿಸಿ. ಆ ದೂರದಲ್ಲಿ ಅವಳಿಗೆ ಇಷ್ಟವಾದದ್ದು ಕೊಡಿ. ಹತ್ತಿರ ಹೋಗುವುದನ್ನು ಅವಳೇ ತೀರ್ಮಾನಿಸಲಿ.

ಈ ಉಪಾಯ ಹೊಸದಲ್ಲ. ಮೊದಲು ಪ್ರಯೋಗವಾದದ್ದೂ ನಾಯಿಯ ಮೇಲಲ್ಲ, ಒಂದು ಮಗುವಿನ ಮೇಲೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಪೀಟರ್ ಎಂಬ ಪುಟ್ಟ ಬಾಲಕನ ಬಗ್ಗೆ ಬರೆದರು. ಅವನಿಗೆ ಇನ್ನೂ ಮೂರು ತುಂಬಿರಲಿಲ್ಲ. ಬಿಳಿ ಮೊಲ ಕಂಡರೆ ವಿಪರೀತ ಭಯ. ಅವನಿಗೆ ಇಷ್ಟವಾದ ತಿಂಡಿ ತಿನ್ನುತ್ತಿರುವಾಗ ಮೊಲವಿದ್ದ ಪಂಜರವನ್ನು ಕೋಣೆಯ ದೂರದ ಮೂಲೆಯಲ್ಲಿ ಇಟ್ಟರು. ದಿನದಿಂದ ದಿನಕ್ಕೆ ಅವನು ತಡೆದುಕೊಳ್ಳುವಷ್ಟು ಮಾತ್ರ ಹತ್ತಿರ ತಂದರು. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಆಡಲು ಬಿಟ್ಟರು. ಕೊನೆಗೆ ಮೊಲ ತನ್ನ ಬೆರಳನ್ನು ಮೆಲ್ಲುತ್ತಿದ್ದರೂ ಪೀಟರ್ ನಗುತ್ತ ಕುಳಿತಿದ್ದ. ಯಾರೂ ಅವನನ್ನು ಎಳೆದು ತಂದು ಮೊಲ ಮುಟ್ಟಿಸಲಿಲ್ಲ. ಬಿ.ಎಡ್. ಓದಿದವರಿಗೆ ಮನೋವಿಜ್ಞಾನದ ಪಾಠಗಳು ಪರೀಕ್ಷೆಯ ಪ್ರಶ್ನೆಗಳಾಗಿ ಮಾತ್ರ ನೆನಪಿರುತ್ತವೆ. ನನಗೆ ಅವು ನಮ್ಮ ಅಡುಗೆಮನೆಯ ನೆಲದ ಮೇಲೆ ಕುಳಿತಾಗ ಅರ್ಥವಾದವು.

ಕೆಲಸ ಆರಂಭವಾಯಿತು. ಕುಕ್ಕರ್ ಇಡುವ ಮೊದಲು ಕಾಳಿಯನ್ನು ದೂರದ ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿ, ಸೀಟಿ ಕೇಳಿದ ಕೂಡಲೇ ಒಂದು ಚೂರು ಚೀಸ್. ಮೂರು ವಾರದ ನಂತರ ಬಾಗಿಲು ಅರ್ಧ ತೆರೆದೆವು. ಇನ್ನೆರಡು ವಾರಕ್ಕೆ ಪೂರ್ತಿ ತೆರೆದೆವು. ಈಗ ಕುಕ್ಕರ್ ಕೂಗಿದರೆ ಅವಳೇ ಅಡುಗೆಮನೆಗೆ ಓಡಿಬಂದು ಫ್ರಿಜ್ ಮುಂದೆ ಕೂರುತ್ತಾಳೆ. ಗುಡುಗಿಗೂ ಇದೇ ದಾರಿ. ಹ್ಯೂಸ್ಟನ್ನಿನಲ್ಲಿ ಗುಡುಗು ಸಿಡಿಲಿಗೆ ಬರವಿಲ್ಲ. ಗುಡುಗಿನ ಸದ್ದನ್ನು ಧ್ವನಿಮುದ್ರಿಕೆಯಲ್ಲಿ ಪಿಸುಮಾತಿನಷ್ಟು ಸಣ್ಣಗೆ ಹಾಕಿ ಅವಳೊಡನೆ ಆಡುತ್ತಿದ್ದೆವು. ಅವಳ ಕಿವಿ ಹಿಂದಕ್ಕೆ ಹೋದರೆ ಸದ್ದು ಇನ್ನೂ ಕಡಿಮೆ. ಮಗ ಒಂದು ಹಾಳೆಯಲ್ಲಿ ದಿನಾಂಕ, ಸದ್ದು, ದೂರ, ಬಾಲ ಎಂದು ನಾಲ್ಕು ಅಂಕಣ ಎಳೆದು ಫ್ರಿಜ್ಜಿಗೆ ಅಂಟಿಸಿದ್ದ. ‘ಬಾಲ’ದ ಅಂಕಣದಲ್ಲಿ ಬಹಳ ದಿನ “ಕೆಳಗೆ, ಕೆಳಗೆ, ಕೆಳಗೆ” ಎಂದೇ ಇತ್ತು.

ಕ್ರೇಟ್ ಎಂಬ ಪೆಟ್ಟಿಗೆಯಲ್ಲಿ ಶಾಂತವಾಗಿ ಮಲಗುವುದನ್ನೂ ಕಲಿಸಿದೆವು. “ಪಾಪ, ನಾಯಿಯನ್ನು ಪಂಜರದಲ್ಲಿ ಹಾಕುತ್ತೀರಾ?” ಎಂದು ಸ್ನೇಹಿತರು ಕೇಳಿದ್ದುಂಟು. ಬಾಗಿಲು ತೆರೆದೇ ಇಟ್ಟು, ಒಳಗೆ ಊಟ ಕೊಟ್ಟು, ಹಳೆಯ ಹೊದಿಕೆ ಹಾಸಿದರೆ ಅದು ನಾಯಿಗೆ ಸ್ವಂತ ಮನೆಯಾಗುತ್ತದೆ. ಹ್ಯೂಸ್ಟನ್ನಿನವರಿಗೆ ಇದರ ಬೆಲೆ ಗೊತ್ತು. 2005ರ ಕತ್ರಿನಾ ಚಂಡಮಾರುತದಲ್ಲಿ ಸಾಕುಪ್ರಾಣಿಗಳನ್ನು ಬಿಟ್ಟು ಬರಲಾರೆವೆಂದು ಎಷ್ಟೋ ಜನ ಮುಳುಗುವ ಮನೆಯಲ್ಲೇ ಉಳಿದರು. ಅದರಿಂದಾಗಿ 2006ರಲ್ಲಿ ವಿಪತ್ತಿನ ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕೆಂಬ ಕಾನೂನು ಬಂದಿತು. 2017ರ ಹಾರ್ವಿ ಪ್ರವಾಹದಲ್ಲಿ ಹ್ಯೂಸ್ಟನ್ನಿನ ಜಾರ್ಜ್ ಆರ್. ಬ್ರೌನ್ ಸಭಾಂಗಣದಲ್ಲಿ ಆಶ್ರಯ ಪಡೆದವರ ಜೊತೆ ಅವರ ನಾಯಿ ಬೆಕ್ಕುಗಳಿಗೂ ಜಾಗ ಸಿಕ್ಕಿತು. ಸಾವಿರಾರು ಜನರಿರುವ ಅಂತಹ ಕಡೆ ಪೆಟ್ಟಿಗೆಯೊಳಗೆ ನೆಮ್ಮದಿಯಿಂದಿರಲು ಬರುವ ನಾಯಿ ತನ್ನನ್ನೂ ಮನೆಯವರನ್ನೂ ಕಾಪಾಡುತ್ತದೆ.

ಇಷ್ಟಾದರೂ ಆ ವರ್ಷದ ಬೇಸಿಗೆಯಲ್ಲಿ ಒಂದು ಕಠಿಣ ದಿನ ಬಂತು. ಬೀದಿಯಲ್ಲಿ ಆಡುತ್ತಿದ್ದ ಐದು ವರ್ಷದ ಬಾಲಕಿಯೊಬ್ಬಳು ಹಿಂದಿನಿಂದ ಓಡಿಬಂದು ಕಾಳಿಯ ಕುತ್ತಿಗೆ ತಬ್ಬಿಕೊಂಡಳು. ಕಾಳಿ ಹಲ್ಲು ತೋರಿಸಿ ಗುರ್ರೆಂದಳು. ಕಚ್ಚಲಿಲ್ಲ. ಮಗುವನ್ನು ಬಿಡಿಸಿದೆವು, ಅವಳ ತಾಯಿ ಬಿಳಿಚಿಕೊಂಡಿದ್ದರು. ಅಂದು ರಾತ್ರಿ ನಮ್ಮವರು ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ಮನೆಗೂ ಮಕ್ಕಳು ಬರುತ್ತಾರೆ. ಇವಳನ್ನು ಇಟ್ಟುಕೊಳ್ಳುವುದು ಸರಿಯೇ?” ಎಂದರು. ಅವರ ಮಾತು ಕ್ರೂರವಾದದ್ದಲ್ಲ, ನ್ಯಾಯವಾದದ್ದೇ. ಆದರೆ ಹಿಂದಕ್ಕೆ ಕೊಟ್ಟರೆ “ಮಗುವಿನ ಮೇಲೆ ಗುರುಗುಟ್ಟಿದ ನಾಯಿ” ಎಂದು ದಾಖಲಾಗುತ್ತದೆ. ಅಂಥ ನಾಯಿಯನ್ನು ಯಾರು ಒಯ್ಯುತ್ತಾರೆ? ಪ್ರಾಣಿಗಳ ವರ್ತನೆಯನ್ನು ಅಭ್ಯಾಸ ಮಾಡುವ ಅಮೆರಿಕದ ಪಶುವೈದ್ಯರ ಸಂಘವು 2008ರಲ್ಲಿ ಹೊರಡಿಸಿದ ಹೇಳಿಕೆಯೊಂದಿದೆ. ಮೂರು ವರ್ಷದೊಳಗಿನ ನಾಯಿಗಳ ಸಾವಿಗೆ ಮೊದಲ ಕಾರಣ ಸೋಂಕುರೋಗವಲ್ಲ, ವರ್ತನೆಯ ತೊಂದರೆ ಎಂದು ಅದು ಹೇಳುತ್ತದೆ. ರೋಗ ಬಂದು ಸಾಯುವುದಕ್ಕಿಂತ ಹೆಚ್ಚು ನಾಯಿಗಳು, ಅಂಜಿಕೆಯಂಥ ತೊಂದರೆಗಳಿಂದ ಮನೆ ಕಳೆದುಕೊಂಡು ಸಾಯುತ್ತವೆ ಎಂದಾಯಿತು.

ಮರುದಿನ ಪಶುವೈದ್ಯೆಯ ಬಳಿ ಹೋದೆವು. ಅವರು ಹೇಳಿದ್ದು ನಮಗೆ ಆಶ್ಚರ್ಯವಾಯಿತು. “ಗುರುಗುಟ್ಟಿದ್ದಕ್ಕೆ ಅವಳನ್ನು ಬಯ್ಯಬೇಡಿ. ಅದು ಅವಳ ಮಾತು. ‘ನನಗೆ ಭಯವಾಗುತ್ತಿದೆ, ದೂರ ಹೋಗು’ ಎಂದು ಹೇಳಿದಳು. ಮಾತು ನಿಲ್ಲಿಸಿದರೆ ಭಯ ನಿಲ್ಲುವುದಿಲ್ಲ. ಮುಂದಿನ ಸಲ ಹೇಳದೆಯೇ ಕಚ್ಚುತ್ತಾಳೆ.” ಅಂದಿನಿಂದ ನಮ್ಮ ಮನೆಯಲ್ಲಿ ಎರಡು ನಿಯಮ ಬಂದವು. ಕಾಳಿ ಎಲ್ಲೇ ಇರಲಿ, ಹಗ್ಗ ಹಿಡಿದ ದೊಡ್ಡವರೊಬ್ಬರು ಅವಳ ಪಕ್ಕದಲ್ಲಿರಬೇಕು. ಯಾರೇ ಬರಲಿ, ಅವರು ಕಾಳಿಯ ಬಳಿ ಹೋಗುವಂತಿಲ್ಲ. ಬೇಕೆನಿಸಿದರೆ ಕಾಳಿಯೇ ಅವರ ಬಳಿ ಹೋಗುತ್ತಾಳೆ. ನಮ್ಮವರೂ ಒಪ್ಪಿದರು. ಆರು ತಿಂಗಳ ಗಡುವು ಹಾಕಿಕೊಂಡೆವು. ಆ ಗಡುವು ಮುಗಿಯುವ ಹೊತ್ತಿಗೆ ಸಂಜೆಯ ನಡಿಗೆಗೆ ಅವಳನ್ನು ಕರೆದೊಯ್ಯುವವರು ಅವರೇ ಆಗಿದ್ದರು. ಗಡುವಿನ ಮಾತನ್ನು ಯಾರೂ ಎತ್ತಲಿಲ್ಲ.

2019ರ ಬೇಸಿಗೆಯ ಕೊನೆಗೆ ಅವರ ಕೆಲಸ ಆಸ್ಟಿನ್ನಿಗೆ ಬದಲಾಯಿತು. ಆಸ್ಟಿನ್ ನಾಯಿಗಳ ಊರೆಂದರೂ ಸಲ್ಲುತ್ತದೆ. ಲೇಡಿ ಬರ್ಡ್ ಸರೋವರದ ಸುತ್ತ ಸುಮಾರು ಹತ್ತು ಮೈಲಿಯ ಕಾಲುದಾರಿಯಿದೆ. ಅಲ್ಲಿ ಓಡುವವರು, ಸೈಕಲ್ಲಿನವರು, ಕೈಗಾಡಿಯಲ್ಲಿ ಮಕ್ಕಳನ್ನು ತಳ್ಳುವವರು, ನೂರು ಬಗೆಯ ನಾಯಿಗಳು. ಕಾಳಿಯನ್ನು ನೇರವಾಗಿ ಆ ದಾರಿಗೆ ಇಳಿಸಲಿಲ್ಲ. ದಾರಿಯಿಂದ ದೂರ, ಮರದ ಕೆಳಗಿನ ಒಂದು ಬೆಂಚನ್ನು ಆರಿಸಿಕೊಂಡೆವು. ಬರಿದೇ ಕುಳಿತು ನೋಡುವುದೇ ಪಾಠ. ಸೈಕಲ್ ಹೋದಾಗ ಒಂದು ಚೂರು ತಿಂಡಿ, ಟೋಪಿಯವರು ಹೋದಾಗ ಒಂದು ಚೂರು. ಹತ್ತು ನಿಮಿಷಕ್ಕೆ ಮನೆಗೆ. ಅವಳು ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಮುಖ ತಿರುಗಿಸಿದರೆ ಇನ್ನು ಸಾಕು ಎಂದರ್ಥ. ನಿದ್ದೆ ಬಾರದೆಯೂ ನಾಯಿ ಆಕಳಿಸುತ್ತದೆ ಎಂಬುದು ನನಗೆ ಹೊಸ ವಿಷಯವಾಗಿತ್ತು. ವಾರಕ್ಕೊಂದು ಬೆಂಚಿನಂತೆ ಮುಂದೆ ಸರಿದೆವು. ನೀರಿಗೆ ಮಾತ್ರ ಬಿಡಲಿಲ್ಲ. ಆ ವರ್ಷವೇ ಸರೋವರದ ವಿಷಪಾಚಿಯಿಂದ ನಾಯಿಗಳು ಸತ್ತಿದ್ದವು.

ಆಸ್ಟಿನ್ನಿನ ಕಾಂಗ್ರೆಸ್ ಅವೆನ್ಯೂ ಸೇತುವೆಯ ಕೆಳಗೆ ಬೇಸಿಗೆಯಲ್ಲಿ ಸುಮಾರು 15 ಲಕ್ಷದವರೆಗೆ ಬಾವಲಿಗಳು ವಾಸಿಸುತ್ತವೆ. ಮುಸ್ಸಂಜೆಗೆ ಅವು ಹೊಗೆಯಂತೆ ಹೊರಡುವುದನ್ನು ನೋಡಲು ಜನ ಜಾತ್ರೆಯಂತೆ ಸೇರುತ್ತಾರೆ. ಅಕ್ಟೋಬರಿನ ಒಂದು ಸಂಜೆ ನಾವು ಜನಸಂದಣಿಯ ಅಂಚಿನಲ್ಲಿ ಹುಲ್ಲಿನ ಮೇಲೆ ಕುಳಿತಿದ್ದೆವು. ಎಲ್ಲರೂ ತಲೆಯೆತ್ತಿ ಆಕಾಶ ನೋಡುತ್ತಿದ್ದರು. ನಾನು ನೋಡುತ್ತಿದ್ದುದು ಕಾಳಿಯ ಬಾಲವನ್ನು. ಅದು ಮೊದಲು ನೆಲಕ್ಕೆ ಸಮನಾಯಿತು. ಸ್ವಲ್ಪ ಹೊತ್ತಿಗೆ ನಿಧಾನವಾಗಿ ಮೇಲೆದ್ದು ಬೆನ್ನಿನ ಮೇಲೆ ಸುರುಳಿಯಾಯಿತು. ಮಗ ಮನೆಗೆ ಬಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ: “ಡೊಂಕು!”

2020ರಲ್ಲಿ ಕೊರೋನಾ ಬಂದು ಬೀದಿಗಳು ಬರಿದಾದವು. ಆಗ ಮರಿ ತಂದ ಮನೆಗಳು ಬಹಳ. ಅತಿಥಿಗಳೇ ಬಾರದ ಮನೆಯಲ್ಲಿ ಬೆಳೆದ ಅನೇಕ ನಾಯಿಗಳು ಆಮೇಲೆ ಕರೆಗಂಟೆಗೂ ಬೆಚ್ಚತೊಡಗಿದವು. ಪ್ರೀತಿಗೆ ಆ ಮನೆಗಳಲ್ಲಿ ಏನೂ ಕೊರತೆಯಿರಲಿಲ್ಲ. ಲೋಕದ ಪರಿಚಯದ ಕೊರತೆ ಅದು.

ಟೆಕ್ಸಾಸಿನಲ್ಲಿ ಈ ಪರಿಚಯ ಮಾಡಿಸುವುದನ್ನೇ ಸೇವೆಯಾಗಿ ಮಾಡುವವರಿದ್ದಾರೆ. ಡಲ್ಲಾಸಿನ ಪಕ್ಕದ ಇರ್ವಿಂಗಿನಲ್ಲಿ ‘ಕೆನೈನ್ ಕಂಪ್ಯಾನಿಯನ್ಸ್’ ಸಂಸ್ಥೆಯ ತರಬೇತಿ ಕೇಂದ್ರ 2015ರಲ್ಲಿ ಆರಂಭವಾಯಿತು. ಅಂಗವಿಕಲರಿಗೆ ನೆರವಾಗುವ ನಾಯಿಗಳನ್ನು ಅವರು ಹಣ ಪಡೆಯದೆ ಕೊಡುತ್ತಾರೆ. ಆ ಮರಿಗಳನ್ನು ಎಂಟು ವಾರದಿಂದ ಸುಮಾರು ಒಂದೂವರೆ ವರ್ಷದವರೆಗೆ ಬೆಳೆಸುವವರು ಸಾಮಾನ್ಯ ಕುಟುಂಬಗಳ ಸ್ವಯಂಸೇವಕರು. ಅಂಗಡಿ, ಬಸ್ಸು, ಲಿಫ್ಟು, ಗದ್ದಲ ಎಲ್ಲವನ್ನೂ ತೋರಿಸಿ, ಕೊನೆಗೆ ಕಣ್ಣೀರಿಟ್ಟು ಹಿಂದಿರುಗಿಸುತ್ತಾರೆ. ಸ್ಯಾನ್ ಆಂಟೋನಿಯೋದ ಲ್ಯಾಕ್‌ಲ್ಯಾಂಡ್ ಸೇನಾನೆಲೆಯಲ್ಲಿ ಹುಟ್ಟುವ ಸೇನಾ ನಾಯಿಮರಿಗಳನ್ನೂ ಹೀಗೆ ಸುತ್ತಲಿನ ಮನೆಗಳಲ್ಲಿ ಬೆಳೆಸುತ್ತಾರೆ. ಅಲ್ಲಿ ಹುಟ್ಟಿದ ಮರಿ ಎಂದು ಗುರುತಿಸಲು ಅದರ ಹೆಸರಿನ ಮೊದಲ ಅಕ್ಷರವನ್ನು ಎರಡು ಬಾರಿ ಬರೆಯುವುದು ಪದ್ಧತಿ. ಇನ್ನು ಮಕ್ಕಳಿಗೆಲ್ಲ ಪ್ರಿಯವಾದದ್ದು ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ರೆವಲಿ. 1931ರಲ್ಲಿ ವಿದ್ಯಾರ್ಥಿಗಳು ಎತ್ತಿಕೊಂಡು ಬಂದ ಬೀದಿಯ ಕಪ್ಪು ಬಿಳುಪು ನಾಯಿಯೇ ಮೊದಲ ರೆವಲಿ. ಈಗಿನದು ಕಾಲಿ ಎಂಬ ತಳಿಯದು. ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಕೈಲ್ ಫೀಲ್ಡ್ ಮೈದಾನದ ಗದ್ದಲದಲ್ಲಿ ಅದು ಆರಾಮಾಗಿ ನಡೆಯುತ್ತದೆ. ಅದರ ಪಕ್ಕದಲ್ಲಿ ಹಗಲೂ ರಾತ್ರಿ ಒಬ್ಬ ಕೆಡೆಟ್ ವಿದ್ಯಾರ್ಥಿ ಇದ್ದೇ ಇರುತ್ತಾನೆ. ತರಗತಿಯಲ್ಲಿ ರೆವಲಿ ಬೊಗಳಿದರೆ ಅಂದಿನ ಪಾಠ ಮುಗಿಯಿತು ಎಂಬ ಸಂಪ್ರದಾಯವೂ ಇದೆ. ನಮ್ಮ ಶಾಲೆಯಲ್ಲಿ ಆ ಸಂಪ್ರದಾಯ ಇಲ್ಲ, ಮಕ್ಕಳೇ!

2021ರಲ್ಲಿ ನಾವು ಡಲ್ಲಾಸಿಗೆ ಬಂದೆವು. ಮರುವರ್ಷ ಅರಸೀಕೆರೆ ಕಡೆಯ ಹಳ್ಳಿಯಿಂದ ನಮ್ಮ ಅತ್ತೆ ಬಂದರು. ಊರಿನ ಮನೆಯಲ್ಲಿ ನಾಯಿಗೆ ಜಗುಲಿಯವರೆಗೆ ಮಾತ್ರ ಪ್ರವೇಶ, ಹೊಸ್ತಿಲು ದಾಟುವಂತಿಲ್ಲ. “ನಾಯಿ ಮನೆಯೊಳಗೆ ಇರುತ್ತದೆಯಾ? ದೇವರ ಮನೆ ಎಲ್ಲಮ್ಮ?” ಎಂದು ಬಂದ ದಿನವೇ ಕೇಳಿದರು. ಕಾಳಿ ಸೋಫಾದ ಹಿಂದೆ, ಅತ್ತೆ ಸೋಫಾದ ಮೇಲೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ದಿನವೂ ಬೆಳಿಗ್ಗೆ ಅತ್ತೆ ನೆಲದ ಮೇಲೆ ಹಾಳೆ ಹಾಸಿಕೊಂಡು, ಕ್ಯಾರೆಟ್ಟು, ಹುರುಳಿಕಾಯಿ ಹೆಚ್ಚಿಕೊಂಡು, ದೇವರನಾಮ ಗುನುಗುತ್ತಿದ್ದರು. ನಾಯಿಯನ್ನು ಕರೆಯಲಿಲ್ಲ, ಮುದ್ದಿಸಲಿಲ್ಲ, ಕಣ್ಣಿಟ್ಟು ನೋಡಲೂ ಇಲ್ಲ. ಒಂಬತ್ತನೇ ದಿನ ಕಾಳಿ ಸೋಫಾದ ಹಿಂದಿನಿಂದ ಬಂದು ಎರಡು ಅಡಿ ದೂರದಲ್ಲಿ ಮಲಗಿದಳು. ಅತ್ತೆ ತಲೆಯೆತ್ತದೆಯೇ ಒಂದು ಕ್ಯಾರೆಟ್ ತುದಿಯನ್ನು ಅತ್ತ ಉರುಳಿಸಿದರು. ತರಬೇತುದಾರರು ಹಣ ತೆಗೆದುಕೊಂಡು ಹೇಳಿಕೊಡುವ ಪಾಠವನ್ನು ಅತ್ತೆ ಯಾರೂ ಹೇಳದೆಯೇ ಮಾಡಿಬಿಟ್ಟರು. ಹಟ್ಟಿಗೆ ಹೊಸದಾಗಿ ಬಂದ ಹಸುವಿನ ಬಳಿ ಹೀಗೇ ಕೂರುತ್ತೇವೆ ಎಂದರು. ಹಿಂದಿರುಗುವ ಹೊತ್ತಿಗೆ ಕಾಳಿಗೆ ದೇವರ ಮನೆಯ ಬಾಗಿಲಿನವರೆಗೆ ಬರಲು ಅಪ್ಪಣೆ ಸಿಕ್ಕಿತ್ತು. ಅದರ ಮುಂದೆ ಇಲ್ಲ.

ಇನ್ನೊಂದು ಸಂಗತಿ ನಮ್ಮ ಮಗನದು. ಅವನಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು, ಆದರೆ ಬಾಯಿ ಬಿಡುತ್ತಿರಲಿಲ್ಲ. ಊರಿನಿಂದ ಫೋನ್ ಬಂದರೆ ಕೋಣೆಗೆ ಓಡುತ್ತಿದ್ದ. ‘ಳ’ಕಾರ, ‘ಣ’ಕಾರ ತಪ್ಪಿದರೆ ದೊಡ್ಡವರು ನಗುತ್ತಾರೆ ಎಂಬ ಅಳುಕು. ಒಂದು ಮಧ್ಯಾಹ್ನ ಅವನ ಕೋಣೆಯಿಂದ ಕನ್ನಡ ಓದುವ ಸದ್ದು ಕೇಳಿತು. ಕಾಳಿಯ ಬೆನ್ನಿಗೆ ಒರಗಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಕಥೆ ಓದುತ್ತಿದ್ದ. ಕಾಳಿ ತಿದ್ದಲಿಲ್ಲ, ನಗಲಿಲ್ಲ, ಅವಸರ ಮಾಡಲಿಲ್ಲ. ನಾಯಿಗೆ ಓದಿ ಹೇಳುವುದರಿಂದ ಮಕ್ಕಳ ಅಳುಕು ಕಳೆಯುತ್ತದೆ ಎಂಬ ನಂಬಿಕೆಯಿಂದ 1999ರಲ್ಲಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಇಂತಹ ಕಾರ್ಯಕ್ರಮ ಆರಂಭವಾಗಿ ಅನೇಕ ಗ್ರಂಥಾಲಯಗಳಿಗೆ ಹರಡಿದೆ. ನಮ್ಮ ಮನೆಯಲ್ಲಿ ಅದು ಯಾರೂ ಹೇಳದೆ ಶುರುವಾಯಿತು. ಕಾಳಿಗೆ ಓದಿದ ಕಥೆಯನ್ನೇ ಅವನು ಮುಂದೆ ಅಜ್ಜಿಗೆ ಫೋನಿನಲ್ಲಿ ಓದಿದ. ಅಜ್ಜಿ ಆ ಕಡೆ ಸುಮ್ಮನೆ “ಹ್ಞೂಂ” ಗುಟ್ಟುತ್ತಿದ್ದರು. ಒಂದಕ್ಷರವನ್ನೂ ತಿದ್ದಲಿಲ್ಲ.

ಅಂದಿನಿಂದ ನನ್ನ ತರಗತಿಯಲ್ಲೂ ಒಂದು ಮಾರ್ಪಾಡು ಆಗಿದೆ. ಹೊಸ ಮಗು ಹಿಂದಿನ ಬೆಂಚಿನಲ್ಲಿ ಕುಳಿತು ಎಷ್ಟು ವಾರ ಕೇಳಿಸಿಕೊಳ್ಳಬೇಕೋ ಅಷ್ಟು ವಾರ ಕೇಳಿಸಿಕೊಳ್ಳಲಿ. ಮೊದಲು ಪಕ್ಕದ ಗೆಳೆಯನಿಗೆ ಒಂದು ಮಾತು ಹೇಳಲಿ, ಆಮೇಲೆ ಗುಂಪಿಗೆ, ಕೊನೆಗೆ ವೇದಿಕೆಗೆ. ಪೋಷಕರಲ್ಲಿ ನನ್ನ ಕೋರಿಕೆ ಇಷ್ಟೇ: ನೆಂಟರ ಮುಂದೆ ನಿಲ್ಲಿಸಿ “ಎಲ್ಲಿ, ಕನ್ನಡದಲ್ಲಿ ಮಾತಾಡು ನೋಡೋಣ” ಎಂದು ಒತ್ತಾಯಿಸಬೇಡಿ. ಅದು ಪೀಟರನ ಮಡಿಲಿಗೆ ಮೊಲವನ್ನು ಎಸೆದಂತೆ. ಹಾಗೆಂದು ಮನೆಯೊಳಗೇ ಮುಚ್ಚಿಡಲೂಬೇಡಿ. ಲೋಕವನ್ನು ತೋರಿಸಬೇಕು, ಆದರೆ ಎಷ್ಟು ದೂರದಿಂದ ಎಂಬುದನ್ನು ಹೆದರಿದವರೇ ಹೇಳಬೇಕು.

ನಾಯಿ ತರುವ ಯೋಚನೆಯಿರುವ ಮನೆಯವರಿಗೆ ಕೆಲವು ಮಾತು. ಮರಿಯನ್ನು ತಂದರೆ ಮೊದಲ ವಾರಗಳನ್ನು ಕಳೆದುಕೊಳ್ಳಬೇಡಿ. ಮೊದಲ ಲಸಿಕೆ ಹಾಕಿಸಿ ಏಳು ದಿನವಾದರೆ ಏಳೆಂಟು ವಾರದ ಮರಿಯನ್ನೂ ಶುಚಿಯಾದ ತರಬೇತಿ ತರಗತಿಗೆ ಸೇರಿಸಬಹುದು ಎಂದು ಅದೇ ಪಶುವೈದ್ಯರ ಸಂಘ ಹೇಳುತ್ತದೆ. ಪಾರ್ವೋ ಎಂಬ ರೋಗದ ಭಯವಿರುವುದರಿಂದ ಲಸಿಕೆಗಳು ಮುಗಿಯುವವರೆಗೆ ಉದ್ಯಾನದ ನೆಲಕ್ಕೆ ಬಿಡದೆ ಎತ್ತಿಕೊಂಡೇ ಊರು ತೋರಿಸಿ. ರೇಬಿಸ್ ಲಸಿಕೆ ಹದಿನಾರು ವಾರದೊಳಗೆ ಆಗಬೇಕೆಂಬುದು ಟೆಕ್ಸಾಸಿನ ಕಾನೂನು. 2022ರಿಂದ ನಾಯಿಯನ್ನು ಸರಪಳಿಯಲ್ಲಿ ಕಟ್ಟಿ ಹೊರಗೆ ಒಂಟಿಯಾಗಿ ಬಿಡುವುದಕ್ಕೂ ಕಾನೂನಿನ ತಡೆಯಿದೆ. ಬೇಸಿಗೆಯಲ್ಲಿ ಕಾಲುದಾರಿಯ ಮೇಲೆ ನಿಮ್ಮ ಅಂಗೈಯ ಹಿಂಭಾಗವನ್ನು ಏಳು ಸೆಕೆಂಡು ಇಟ್ಟು ನೋಡಿ. ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ. ನಮ್ಮ ಹಬ್ಬದ ಅಡುಗೆಯಲ್ಲಿ ಪಾಯಸ, ಕೇಸರಿಬಾತಿನ ದ್ರಾಕ್ಷಿ, ಪಲ್ಯದ ಈರುಳ್ಳಿ ಬೆಳ್ಳುಳ್ಳಿ, ಚಾಕೊಲೇಟ್ ಇವು ನಾಯಿಗೆ ವಿಷ. ದೀಪಾವಳಿಗೂ ಜುಲೈ 4ಕ್ಕೂ ಪಟಾಕಿಯ ಹೊತ್ತಿಗೆ ನಾಯಿಯನ್ನು ಮನೆಯೊಳಗಿನ ಕೋಣೆಯಲ್ಲಿ ಇರಿಸಿ.

ಮಕ್ಕಳೇ, ನಿಮಗೂ ಮೂರು ಮಾತು. ಯಾರದೇ ನಾಯಿ ಕಂಡರೂ ಮೊದಲು ಅದರ ಮನೆಯವರನ್ನು ಕೇಳಿ, ಆಮೇಲೆ ನಾಯಿಯನ್ನೂ ‘ಕೇಳಿ’: ಪಕ್ಕಕ್ಕೆ ತಿರುಗಿ ನಿಂತು ಕೈಯನ್ನು ಕೆಳಗೆ ಬಿಡಿ, ಅದಾಗಿ ಬಂದರೆ ಮಾತ್ರ ಎದೆಯನ್ನೋ ಭುಜವನ್ನೋ ಸವರಿ. ಅಪರಿಚಿತ ನಾಯಿ ಓಡಿಬಂದರೆ ಓಡಬೇಡಿ, ಕೂಗಬೇಡಿ. ಕೈಕಟ್ಟಿ, ನೆಲ ನೋಡುತ್ತ ಮರದಂತೆ ನಿಲ್ಲಿ. ರಜೆಗೆ ಊರಿಗೆ ಹೋದಾಗ ಬೀದಿನಾಯಿಗಳನ್ನು ದೂರದಿಂದಲೇ ಪ್ರೀತಿಸಿ. ಅಲ್ಲಿ ರೇಬಿಸ್ ಇನ್ನೂ ಇದೆ. ಕಚ್ಚಿದರೆ, ಪರಚಿದರೂ ಸಹ, ಮುಚ್ಚಿಡದೆ ಹೇಳಿ. ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ನಿಮ್ಮ ಅಜ್ಜ ಅಜ್ಜಿ ನಾಯಿಗೆ ಹೆದರುವುದು ಸುಮ್ಮನೆ ಅಲ್ಲ; ಅದನ್ನು ನೋಡಿ ನಗಬೇಡಿ.

ಕಾಳಿಗೆ ಈಗ ಮೂತಿ ನರೆತಿದೆ. ವೈಟ್ ರಾಕ್ ಸರೋವರದ ದಂಡೆಯಲ್ಲಿ ಭಾನುವಾರ ಸಂಜೆ ನಮ್ಮ ಶಾಲೆಯ ಯಾರಾದರೂ ಸಿಕ್ಕರೆ ತಾನಾಗಿಯೇ ಹತ್ತಿರ ಹೋಗಿ ಮೂಸಿ ನೋಡುತ್ತಾಳೆ. ಪಟಾಕಿಗೆ ಇಂದಿಗೂ ಹೆದರುತ್ತಾಳೆ. ಆದರೆ ಈಗ ಯಂತ್ರದ ಹಿಂದೆ ಅಡಗುವುದಿಲ್ಲ. ನಮ್ಮ ಕಾಲ ಬಳಿ ಬಂದು ಮಲಗುತ್ತಾಳೆ. ಹೆದರಿಕೆಯಾದಾಗ ಯಾರ ಬಳಿ ಹೋಗಬೇಕೆಂದು ಅವಳಿಗೆ ಗೊತ್ತಾಗಿದೆ. ನಿಮ್ಮ ಮನೆಯ ಮರಿಗೂ, ನಿಮ್ಮ ಮನೆಯ ಮಗುವಿಗೂ ಅಷ್ಟು ಧೈರ್ಯ ಬರಲಿ ಎಂದು ಹಾರೈಸುತ್ತೇನೆ.